ಆರೂವರೆಗೆ ಅಡುಗೆಮನೆ ಮುಚ್ಚಿದ ಹನ್ನೊಂದು ತಿಂಗಳು

ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ತುಂಬಿದ ಕೊಬ್ಬನ್ನು, ಸಂಜೆ ಆರೂವರೆಗೆ ಊಟ ಮುಗಿಸಿಯೇ ಇಳಿಸಲು ಹೊರಟ ಹನ್ನೊಂದು ತಿಂಗಳ ನಂತರ, ಯಕೃತ್ತನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ವರದಿಯಲ್ಲಿ ಕೊಬ್ಬಿನ ಅಳತೆಯಾದ ಸಿಎಪಿ 318ರಿಂದ 250ರ ಆಸುಪಾಸಿಗೆ ಇಳಿದಿರುವುದನ್ನು ಕಂಡ ದಿನ ನಾನು ಆ ಕಾಗದವನ್ನು ಮೂವರಿಗೆ ತೋರಿಸಿದೆ. ನನ್ನ ವೈದ್ಯರು, ನನ್ನ ಪತ್ನಿ ಮತ್ತು ಭಾವಮೈದುನ, ಈ ಮೂವರೂ ತಮ್ಮ ತಮ್ಮ ಕಾರಣಗಳಿಂದ ಇದು ಆಗುವ ಮಾತಲ್ಲ ಎಂದಿದ್ದವರು. ತೂಕ 84 ಕಿಲೋದಿಂದ 76ಕ್ಕೆ ಬಂದಿತ್ತು, ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ 92ರಿಂದ 34ಕ್ಕೋ 35ಕ್ಕೋ ಇಳಿದಿತ್ತು, ಅದಕ್ಕಾಗಿ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಸ್ವಲ್ಪ ಬೀಗಿದ್ದೇನೆಂದು ಅನಿಸಿದರೆ ಕ್ಷಮಿಸಬೇಕು. ಅದಕ್ಕೂ ಹಿಂದಿನ ಆರು ತಿಂಗಳು ನಾನು ಸೋತ ಬಗೆಯನ್ನು ಓದಿದ ಮೇಲೆ ಅಷ್ಟು ಬೀಗುವುದಕ್ಕೆ ಇವನಿಗೆ ಹಕ್ಕಿದೆ ಎಂದು ನೀವೂ ಒಪ್ಪಬಹುದು.

16:8 ಎಂದರೆ ದಿನಕ್ಕೆ ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ. ಎಲ್ಲರಂತೆ ನಾನೂ ಬೆಳಗಿನ ತಿಂಡಿಯನ್ನು ಬಿಟ್ಟು, ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಎಂದು ಆರಂಭಿಸಿದೆ. ಉಪವಾಸದ ಲೆಕ್ಕವಿಡುವ ಆ್ಯಪ್‌ನಲ್ಲಿ ದಿನವೂ ವೃತ್ತ ತುಂಬುತ್ತಿತ್ತು, ಪದಕಗಳು ಬರುತ್ತಿದ್ದವು, ಒಂದು ದಿನವೂ ತಪ್ಪದ 43 ದಿನಗಳ ದಾಖಲೆಯೂ ಆಗಿತ್ತು. ಎರಡು ತಿಂಗಳಾದ ಮೇಲೆ ನೋಡಿದರೆ ತೂಕ ಇಳಿದದ್ದು ಒಂದೇ ಕಿಲೋ, ಎಸ್‌ಜಿಪಿಟಿ 88. ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವ ಅಗತ್ಯ ನನಗಿರಲಿಲ್ಲ. ಉಪವಾಸ ಆರಂಭವಾದ ಹೊತ್ತನ್ನು ಆ ಆ್ಯಪ್‌ನಲ್ಲಿ ಆಮೇಲೆ ತಿದ್ದಬಹುದಿತ್ತು. ರಾತ್ರಿ ಹತ್ತೂಮುಕ್ಕಾಲಿಗೆ ದೀಪ ಹಾಕದೆ ಅಡುಗೆಮನೆಗೆ ಹೋಗಿ, ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಹೆಬ್ಬೆರಳಿನಿಂದ ಎತ್ತಿ, ನಾಲ್ಕೋ ಐದೋ ತಿಂದು, ಅದೇ ಕೈಯಿಂದ ಮೊಬೈಲ್ ತೆರೆದು, ಉಪವಾಸ ಎಂಟು ಗಂಟೆಗೇ ಆರಂಭವಾಯಿತೆಂದು ನಮೂದಿಸುವುದರಲ್ಲಿ ನಾನು ಪಳಗಿದ್ದೆ. ಒಮ್ಮೆ ಇದನ್ನು ಕಂಡ ಭಾವಮೈದುನ, ‘ಭಾವ, ಉಪವಾಸ ಮಾಡುತ್ತಿರುವುದು ನಿಮ್ಮ ಮೊಬೈಲು, ನೀವಲ್ಲ’ ಎಂದ. ಮನೆಯಲ್ಲಿ ಆ ಮಾತು ಬಹಳ ದಿನ ಓಡಾಡಿತು.

ಆ ಅವಮಾನಕ್ಕೆ ಉತ್ತರವೆಂಬಂತೆ 20:4ಕ್ಕೆ ಹಾರಿದೆ. ಮೂರು ವಾರಗಳಲ್ಲಿ ಮೂರು ಕಿಲೋ ಇಳಿಯಿತು, ಜೊತೆಗೆ ತಲೆನೋವು ಬಂತು, ಸಂಜೆಯಾಯಿತೆಂದರೆ ಎಲ್ಲರ ಮೇಲೂ ಸಿಡುಕುವ ಸ್ವಭಾವ ಬಂತು. ಆ ನಾಲ್ಕು ಗಂಟೆಗಳಲ್ಲಿ ನಾನು ಕುಳಿತು ತಿನ್ನುತ್ತಿದ್ದ ರೀತಿಯನ್ನು ನೋಡಿ ಪತ್ನಿ, ‘ಇದು ಪಥ್ಯವಲ್ಲ, ಸೇಡು’ ಎಂದಳು. ತೂಕ ಹೀಗೆ ಸರ್ರನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ ಎಂದು ವೈದ್ಯರು ಗದರಿಸಿದ ಮೇಲೆ ಬಿಟ್ಟೆ; ಆ ಮೂರು ಕಿಲೋ ಒಂದೂವರೆ ತಿಂಗಳಲ್ಲಿ ಮರಳಿ ಬಂತು.

ಹಣದ ವಿಷಯ ಹೇಳಲೇಬೇಕು, ಏಕೆಂದರೆ ಈ ಹಾದಿಯಲ್ಲಿ ಯಕೃತ್ತಿಗಿಂತ ಮೊದಲು ಕರಗುವುದು ಜೇಬು. ‘ವೈಯಕ್ತಿಕ ತರಬೇತುದಾರ’ ಸಿಗುತ್ತಾರೆಂದು ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ. ಆ ತರಬೇತುದಾರರು ಪ್ರತಿ ಸೋಮವಾರ ಕಳಿಸುತ್ತಿದ್ದ ಸಂದೇಶ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುತ್ತಿತ್ತು. ನನ್ನ ಹೆಸರು ಮಾತ್ರ ಸರಿಯಾಗಿ ಕೂಡಿಸಿರುತ್ತಿದ್ದರು. ಚಂದಾ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ತೆಗೆಯಲು ಮರೆತದ್ದರಿಂದ ಎರಡನೆಯ ವರ್ಷದ ಹಣವೂ ಹೋಯಿತು, ಮರಳಿ ಬರಲಿಲ್ಲ. ಮೈ ಕೊಬ್ಬನ್ನು ಉರಿಸುತ್ತಿದೆಯೇ ಎಂದು ಮೂತ್ರದಲ್ಲಿ ನೋಡುವ ಕೀಟೋನ್ ಪಟ್ಟಿಗಳ ಎರಡು ಡಬ್ಬಿಗಳನ್ನು ಕೊಂಡೆ. ಅವುಗಳ ಬಣ್ಣ ನಾನು ಎಷ್ಟು ನೀರು ಕುಡಿದಿದ್ದೇನೆ ಎಂಬುದರ ಮೇಲೂ ಬದಲಾಗುತ್ತಿದ್ದುದರಿಂದ ಅವು ನನಗೆ ಯಾವ ದಾರಿಯನ್ನೂ ತೋರಿಸಲಿಲ್ಲ. ಎಲ್ಲಕ್ಕಿಂತ ನೋವಾದದ್ದು ಮೊದಲ ಫೈಬ್ರೋಸ್ಕ್ಯಾನ್. ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿ ಇರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಊಟವಾದ ಒಂದು ಗಂಟೆಗೆ ಹೋಗಿ ಮಲಗಿದೆ, ಯಕೃತ್ತಿನ ಗಡಸುತನ (ಹೆಚ್ಚಿದಷ್ಟೂ ಅದರಲ್ಲಿ ಕಲೆ ಕಟ್ಟಿರುವ ಸೂಚನೆ) 7.9 ಕಿಲೋಪಾಸ್ಕಲ್ ಎಂದು ಬಂತು, ಎರಡು ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಹಣ ಕಟ್ಟಿ, ಖಾಲಿ ಹೊಟ್ಟೆಯಲ್ಲಿ ಮಾಡಿಸಿದಾಗ 6.4. ನಾನು ಚಂದಾಗಳಿಗೆ ಸುರಿದ ಒಟ್ಟು ಹಣದಲ್ಲಿ ಇಂಥ ಮೂರು ಸ್ಕ್ಯಾನ್‌ಗಳನ್ನಾದರೂ ಮಾಡಿಸಬಹುದಿತ್ತು.

ವೈದ್ಯರ ಸಂಶಯ ಬೇರೆ ಜಾತಿಯದು, ಗೌರವಕ್ಕೆ ಅರ್ಹವಾದದ್ದು. ಚೀನಾದ ಗುವಾಂಗ್‌ಝೌನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವನ್ನು ಅವರು ನನ್ನ ಮುಂದಿಟ್ಟರು. ಬೊಜ್ಜು ಮತ್ತು ಫ್ಯಾಟಿ ಲಿವರ್ ಎರಡೂ ಇದ್ದ 88 ಜನರಿಗೆ ಒಂದೇ ಪ್ರಮಾಣದ ಕ್ಯಾಲೊರಿ ಮಿತಿ ಹಾಕಿ, ಅರ್ಧದಷ್ಟು ಜನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕೆಂದು ಗೊತ್ತುಮಾಡಿದ್ದರು; ಆರು ತಿಂಗಳಿಗೂ ಹನ್ನೆರಡು ತಿಂಗಳಿಗೂ ಎರಡೂ ಗುಂಪುಗಳ ಯಕೃತ್ತಿನ ಕೊಬ್ಬು ಹೆಚ್ಚುಕಡಿಮೆ ಸಮನಾಗಿಯೇ ಇಳಿದಿತ್ತು. ‘ಗಡಿಯಾರ ಕೊಬ್ಬನ್ನು ಕರಗಿಸುವುದಿಲ್ಲ, ಕಡಿಮೆ ತಿಂದರೆ ಕರಗುತ್ತದೆ’ ಎಂದರು. ಅವರ ಮಾತು ಸರಿ, ಇಂದಿಗೂ ನಾನು ಅದನ್ನು ಒಪ್ಪುತ್ತೇನೆ. ಆದರೆ ಕ್ಯಾಲೊರಿ ಎಣಿಸುವುದನ್ನು ನಾನು ಮೂರು ಬಾರಿ ಆರಂಭಿಸಿ ಮೂರು ಬಾರಿಯೂ ಒಂಬತ್ತನೆಯ ದಿನದೊಳಗೆ ಬಿಟ್ಟವನು. ಎಣಿಸಲು ಬಾರದವನಿಗೆ ಬಾಗಿಲು ಹಾಕಿಕೊಳ್ಳಲಾದರೂ ಬರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ತಿರುವು ಬಂದದ್ದು ಉಪವಾಸದ ಗಂಟೆಗಳನ್ನು ಎಣಿಸುವುದನ್ನು ನಿಲ್ಲಿಸಿದಾಗ. ಅಮೆರಿಕದ ಸಾಲ್ಕ್ ಸಂಶೋಧನಾ ಸಂಸ್ಥೆಯ ಸಚ್ಚಿದಾನಂದ ಪಾಂಡಾ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ತಿಂದದ್ದನ್ನೆಲ್ಲ ಮೊಬೈಲ್‌ನಲ್ಲಿ ಚಿತ್ರ ತೆಗೆದು ಕಳಿಸಿದ್ದರು. ಅರ್ಧದಷ್ಟು ಮಂದಿ ದಿನಕ್ಕೆ ಹದಿನಾಲ್ಕೂಮುಕ್ಕಾಲು ಗಂಟೆಗಿಂತ ಹೆಚ್ಚಿನ ಅವಧಿಗೆ ತಿನ್ನುವುದನ್ನು ಹರಡಿಕೊಂಡಿದ್ದರು. ನಾನೂ ಮೂರು ವಾರ ಏನನ್ನೂ ಬದಲಿಸದೆ, ಬಾಯಿಗೆ ಹೋದ ಪ್ರತಿಯೊಂದರ ಚಿತ್ರ ಮಾತ್ರ ತೆಗೆದೆ. ಬೆಳಿಗ್ಗೆ ಆರೂಕಾಲಿಗೆ ಹಾಲು ಸಕ್ಕರೆ ಹಾಕಿದ ಕಾಫಿ, ರಾತ್ರಿ ಹತ್ತೂಮುಕ್ಕಾಲಿಗೆ ಅದೇ ಡಬ್ಬಿ: ಹದಿನಾರೂವರೆ ಗಂಟೆ. ಸಂಜೆ ಏಳರ ನಂತರದ ಚಿತ್ರಗಳನ್ನು ಮಾತ್ರ ಬೇರೆ ಮಾಡಿ ಜೋಡಿಸಿದಾಗ, ತಟ್ಟೆಯಲ್ಲಿ ಬಡಿಸಿಕೊಂಡ ಊಟ ಎನ್ನುವಂಥದ್ದು ಬೆರಳೆಣಿಕೆಯಷ್ಟೇ ಇತ್ತು. ಉಳಿದದ್ದೆಲ್ಲ ನಿಂತುಕೊಂಡು ತಿಂದದ್ದು.

ಆದ್ದರಿಂದ ಎಲ್ಲವನ್ನೂ ಬಿಟ್ಟು ಒಂದೇ ಗೆರೆ ಎಳೆದೆ: ಸಂಜೆ ಆರೂವರೆಗೆ ಕೊನೆಯ ತುತ್ತು. ಬೆಳಗಿನ ತಿಂಡಿಯನ್ನು ಎಂಟೂವರೆಗೆ ಮರಳಿ ತಂದೆ, ಬೆಳಗಿನ ಕಾಫಿಯನ್ನೂ ಅದರೊಳಗೇ ಸೇರಿಸಿದೆ. ಹತ್ತು ಗಂಟೆ. ನಾಲ್ಕನೆಯ ತಿಂಗಳಲ್ಲಿ ಅದನ್ನು ಒಂಬತ್ತಕ್ಕೆ ಇಳಿಸಿದೆ, ಅದಕ್ಕಿಂತ ಕೆಳಗೆ ಹೋಗಲಿಲ್ಲ. ಆ್ಯಪ್ ಉಚಿತದ್ದು, ಎಣಿಕೆಯ ವೃತ್ತವನ್ನು ಮುಚ್ಚಿಟ್ಟೆ. ಮೊದಲ ತುತ್ತು, ಕೊನೆಯ ತುತ್ತು ಎಂಬ ಎರಡು ನಮೂದುಗಳಷ್ಟೇ. ನಮೂದನ್ನು ತಿದ್ದಲು ಆಗದಂತಹ ಆ್ಯಪ್ ಬೇಕೆಂದೇ ಹುಡುಕಿದ್ದೆ. ಜ್ಞಾಪನೆಯ ಗಂಟೆಯನ್ನು ಆರೂವರೆಗೆ ಇಡದೆ ಐದೂಮುಕ್ಕಾಲಿಗೆ ಇಟ್ಟೆ, ಏಕೆಂದರೆ ಬಾಗಿಲು ಹಾಕುವ ಹೊತ್ತಿಗೆ ಎಚ್ಚರಿಸಿದರೆ ಹಸಿದವನು ಎಚ್ಚರಿಕೆಯನ್ನೇ ಒರೆಸಿಹಾಕುತ್ತಾನೆ. ಸಂಜೆಯ ಊಟವನ್ನು ಡಬ್ಬಿಯಲ್ಲಿ ಕೆಲಸದ ಜಾಗಕ್ಕೇ ಒಯ್ಯುತ್ತಿದ್ದೆ. ಪ್ರತಿದಿನದ ಕೊನೆಯ ನಮೂದು ಪತ್ನಿಯ ಮೊಬೈಲ್‌ಗೂ ಹೋಗುತ್ತಿತ್ತು. ಅವಳು ಅದಕ್ಕೆ ಉತ್ತರಿಸಬಾರದೆಂದು ಮೊದಲೇ ಮಾತಾಗಿತ್ತು. ಇದಲ್ಲದೆ ಮೊದಲ ಹದಿನೈದು ರಾತ್ರಿ ನನ್ನ ಕೈಯನ್ನು ಡಬ್ಬಿಯಿಂದ ದೂರವಿಟ್ಟ ಇನ್ನೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಭಾವಮೈದುನನೂ ಇದನ್ನು ಓದುತ್ತಾನೆ.

ಮೊದಲ ತಿಂಗಳು ಒಂದೂವರೆ ಕಿಲೋ, ಆಮೇಲೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಕಿಲೋ ಲೆಕ್ಕದಲ್ಲಿ ಇಳಿಯಿತು. ತೂಕದ ಶೇಕಡಾ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ ಎಂಬ ಅಂಕಿಗಳು ಗೊತ್ತಿದ್ದುದರಿಂದ ನನ್ನ ಗುರಿ 76 ಆಗಿತ್ತು. ವಾರಕ್ಕೆ ಆರು ದಿನ ನಿಯಮ, ಒಂದು ದಿನ ಸಡಿಲ. ಸಡಿಲದ ದಿನವೂ ರಾತ್ರಿ ಎಂಟೂವರೆ ದಾಟಲಿಲ್ಲ.

ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ತೋಳಿಗೆ ಅಂಟಿಸುವ ಗ್ಲುಕೋಸ್ ಸೆನ್ಸರನ್ನು ಎರಡು ವಾರ ಧರಿಸಿ, ತೂಗಿಟ್ಟ ಒಂದೇ ಊಟವನ್ನು ಒಂದು ದಿನ ಮಧ್ಯಾಹ್ನ 1ಕ್ಕೂ ಇನ್ನೊಂದು ದಿನ ರಾತ್ರಿ 9ಕ್ಕೂ ತಿಂದು ನೋಡಿದೆ. ಮಧ್ಯಾಹ್ನ 138ರ ಸುಮಾರಿಗೆ ನಿಂತ ಸಕ್ಕರೆ ರಾತ್ರಿ 170 ಮುಟ್ಟಿ, ಮಲಗುವವರೆಗೂ ಇಳಿಯಲಿಲ್ಲ. ಒಬ್ಬನ ಮೇಲೆ ಎರಡು ಸಲ ಮಾಡಿದ್ದನ್ನು ಪ್ರಯೋಗ ಎನ್ನಬಾರದು, ಆದರೂ ಆ ಗೆರೆಯ ಚಿತ್ರವನ್ನು ನಾನು ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ್ದೆ. ಹಾಲು ಸಕ್ಕರೆ ಇಲ್ಲದ ಕಪ್ಪು ಕಾಫಿಯನ್ನು ಬೆಳಿಗ್ಗೆ ಏಳಕ್ಕೆ ಕುಡಿಯತೊಡಗಿದ್ದು ಮಾತ್ರ ಹಾಗೆಯೇ ಉಳಿದುಕೊಂಡಿದೆ.

ಎಲ್ಲಕ್ಕಿಂತ ದೊಡ್ಡ ಗಾಬರಿ ಐದನೆಯ ತಿಂಗಳದು. ಮೂರನೆಯ ತಿಂಗಳಲ್ಲಿ 48ಕ್ಕೆ ಬಂದಿದ್ದ ಎಸ್‌ಜಿಪಿಟಿ ಇದ್ದಕ್ಕಿದ್ದಂತೆ 71 ಎಂದು ಬಂತು, ಅಂಥದೇ ಇನ್ನೊಂದು ಕಿಣ್ವ ಎಸ್‌ಜಿಒಟಿ ಅದಕ್ಕಿಂತಲೂ ಮೇಲಿತ್ತು. ಪದ್ಧತಿಯೇ ಕೈಕೊಟ್ಟಿತೆಂದು ಆ ರಾತ್ರಿ ಡಬ್ಬಿಯ ಹತ್ತಿರ ಹೋಗಿ ನಿಂತದ್ದೂ ನಿಜ. ಹಿಂದಿನ ವಾರ ಏನೇನು ಮಾಡಿದಿರಿ ಎಂದು ವೈದ್ಯರು ಒಂದೊಂದಾಗಿ ಕೇಳಿದಾಗ, ಪರೀಕ್ಷೆಗೆ ಎರಡು ದಿನ ಮುಂಚೆ ಮೊದಲ ಬಾರಿಗೆ ಭಾರ ಹೊತ್ತು ಬೈಠಕ್ ಹೊಡೆದದ್ದನ್ನು ಹೇಳಿದೆ. ಈ ಎರಡೂ ಕಿಣ್ವಗಳು ಸ್ನಾಯುಗಳಲ್ಲಿಯೂ ಇರುವುದರಿಂದ, ಅಭ್ಯಾಸವಿಲ್ಲದ ಮೈಗೆ ಅಂಥ ಕಸರತ್ತು ಮಾಡಿಸಿದರೆ ಒಂದು ವಾರದವರೆಗೂ ರಕ್ತದಲ್ಲಿ ಏರಿಯೇ ಇರಬಹುದಂತೆ. ಸ್ನಾಯುವಿಗೆ ಪೆಟ್ಟಾದಾಗ ಏರುವ ಸಿಪಿಕೆ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದರೆ ಅದೂ ಬೆಟ್ಟದಷ್ಟಿತ್ತು. ಹತ್ತು ದಿನ ಸುಮ್ಮನೆ ನಡೆದಾಡಿಕೊಂಡಿದ್ದು ಮತ್ತೆ ರಕ್ತ ಕೊಟ್ಟಾಗ 41. ಅಂದಿನಿಂದ ಪರೀಕ್ಷೆಯ ಹಿಂದಿನ ವಾರ ಭಾರ ಎತ್ತುವುದಿಲ್ಲ, ವರದಿಯಲ್ಲಿ ಅಂಕಿ ಏರಿದವರು ಕೇಳಿದರೆ ಮೊದಲು ಇದನ್ನೇ ವಿಚಾರಿಸುತ್ತೇನೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ನನ್ನ ಹೊತ್ತುಗಳನ್ನು ನೋಡಿ ನಕಲು ಮಾಡಬಾರದು. ಔಷಧದ ಪ್ರಮಾಣ ಹೊಂದಿಸದೆ ಊಟದ ಹೊತ್ತು ಬದಲಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ನನಗೆ ಆ ತೊಡಕು ಇರಲಿಲ್ಲ.

ಗಡಸುತನ ಈಗ 5.2ರ ಹತ್ತಿರ ಇದೆ. ಪ್ರಯಾಣದ ದಿನಗಳು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ: ಕಳೆದ ತಿಂಗಳು ನಾಲ್ಕು ದಿನ ಊರು ಬಿಟ್ಟಿದ್ದಾಗ ಕೊನೆಯ ತುತ್ತು ರಾತ್ರಿ ಹತ್ತಕ್ಕೆ ಹೋಗಿ, ಮರಳಿದ ಮೇಲೆ ಅದನ್ನು ಆರೂವರೆಗೆ ಎಳೆದು ತರಲು ಹನ್ನೆರಡು ದಿನ ಹಿಡಿಯಿತು, 700 ಗ್ರಾಂ ಏರಿತು. ಮುಂದಿನ ಪ್ರಯಾಣಕ್ಕೆ ಡಬ್ಬಿಯನ್ನು ಎರಡು ಅಂಕಣದ್ದು ಮಾಡಿಸಿಕೊಂಡಿದ್ದೇನೆ.