ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲುವಾತ) ರಿಪೋರ್ಟ್ ಕೈಗೆ ಬಂದ್ರೆ ಹೆಂಗೆ ಓದ್ಕೋಬೇಕು

ನಮ್ಮವ್ವ ಹಿಟ್ಟಿನ ಕೋಲು ಹಿಡಿಯಕ್ಕಾಗದೆ ಒಲೆ ಮುಂದೆ ಸುಮ್ನೆ ಕೂತ ದಿನ ನಂಗೆ ಗೊತ್ತಾಯ್ತು, ಇದು ವಯಸ್ಸಿನ ನೋವಲ್ಲ ಅಂತ. "ಬೆಳಿಗ್ಗೆ ಎದ್ರೆ ಕೈ ಮಡಿಸಕ್ಕೇ ಆಗಕ್ಕಿಲ್ಲ ಕಣ್ಲಾ, ಹತ್ತು ಗಂಟೆ ಮೇಲೆ ಸಲೀಸಾಯ್ತದೆ" ಅಂತಿತ್ತು. ನಾವು ಆರು ತಿಂಗಳು ಮಂಡ್ಯದಲ್ಲೇ ಒಂದು ಮೆಡಿಕಲ್ ಸ್ಟೋರಲ್ಲಿ ನೋವಿನ ಗುಳಿಗೆ ತಗೊಂಡು ನುಂಗಿಸ್ತಾ ಕೂತ್ವಿ, ಆಮೇಲೆ ಮೈಸೂರಿಗೆ ಹೋಗಿ ರುಮಟಾಲಜಿಸ್ಟ್, ಅಂದ್ರೆ ಕೀಲುವಾತ ನೋಡೋ ಡಾಕ್ಟರ್ ಹತ್ರ ತೋರಿಸಿದ್ದು. ನಿಮ್ಮನೇಲೂ ಇಂಗೇ ಆಗ್ತಿದ್ರೆ ಓದಿ.

ಮೊದ್ಲು ಕೈ ನೋಡಿ, ರಿಪೋರ್ಟ್ ಆಮೇಲೆ. ಎರಡೂ ಕೈಯಲ್ಲಿ ಬೆರಳಿನ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು ಊದಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಒಂದು ಗಂಟೆ ದಾಟಿದ್ರೆ ಆರ್‌ಎ ಅನುಮಾನ ಪಡಬೇಕು. ಸವೆದ ಮಂಡಿನೋವಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಬಿಟ್ಕೊಳ್ಳುತ್ತೆ. ಇನ್ನೊಂದು, ಇತ್ತೀಚೆಗೆ ಚಿಕುನ್‌ಗುನ್ಯಾ ಬಂದು ಹೋಗಿದ್ರೆ ಅದನ್ನ ಡಾಕ್ಟರ್‌ಗೆ ಹೇಳಲೇಬೇಕು, ಅದು ಹೋದ್ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದಿಟ್ಟಿರುತ್ತೆ.

ಒಳಗೆ ಏನಾಗ್ತಿದೆ ಅಂದ್ರೆ, ಊರಿಗೆ ಕಳ್ಳ ಬಂದ ಅಂತ ಒಬ್ಬ ಕೂಗಿದ್ರೆ ಹತ್ತು ಜನ ದೊಣ್ಣೆ ಹಿಡ್ಕೊಂಡು ಓಡಿ ಬರ್ತಾರಲ್ಲ, ಇಲ್ಲಿ ಕಳ್ಳನೇ ಇಲ್ಲ ಆದ್ರೂ ಕೂಗು ನಿಲ್ಲಲ್ಲ, ಬಂದವರು ಮನೆಯವರಿಗೇ ಬಾರಿಸ್ತಾರೆ. ಏಟು ಬೀಳೋದು ಕೀಲಿನ ಒಳಪದರಕ್ಕೆ. ದೊಣ್ಣೆ ಹಿಡಿದೋರು ಅಂದ್ರೆ ನಮ್ಮದೇ ರೋಗ ತಡೆಯೋ ಕಣಗಳು, ಅವು ಒಂದಕ್ಕೊಂದು ಸುದ್ದಿ ಮುಟ್ಟಿಸೋ ಪ್ರೋಟೀನೇ ಆ ಕೂಗು, ಅದಕ್ಕೆ ಸೈಟೋಕೈನ್ ಅಂತಾರೆ. ಮುಖ್ಯವಾದವು ಟಿಎನ್‌ಎಫ್, ಐಎಲ್-1, ಐಎಲ್-6. ಟಿಎನ್‌ಎಫ್ ತಾನು ಕೂಗೋದಲ್ದೆ ಮಿಕ್ಕವರನ್ನೂ ಕೂಗಿಸುತ್ತೆ, ಅದೊಂದರ ಬಾಯಿ ಕಟ್ಟಿದ್ರೆ ಮಿಕ್ಕವೂ ತಗ್ಗುತ್ತವೆ ಅಂತ ಹಿಡಿದೋರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ, 1992ರಲ್ಲಿ ಮೊದಲ ಸಲ ರೋಗಿಗಳಿಗೆ ಟಿಎನ್‌ಎಫ್ ಬಾಯಿ ಕಟ್ಟೋ ಔಷಧಿ ಕೊಟ್ಟು ನೋಡಿದ್ರು. ಐಎಲ್-6 ನಸುಕಲ್ಲಿ ಜಾಸ್ತಿ ಏರುತ್ತೆ, ಅವ್ವನ ಬೆಳಗಿನ ಬಿಗಿತದಲ್ಲಿ ಅದರದ್ದೂ ಕೈವಾಡ ಇದೆ. ಅದೇ ಐಎಲ್-6 ಕಬ್ಬಿಣದ ಅಂಶ ರಕ್ತಕ್ಕೆ ಬರದಂಗೆ ತಡೆಯೋದ್ರಿಂದ ಹಿಮೋಗ್ಲೋಬಿನ್ನೂ ಇಳಿಯುತ್ತೆ, ಬರೀ ಐರನ್ ಮಾತ್ರೆ ನುಂಗಿಸಿದ್ರೆ ಕೆಲವು ಸಲ ಏರಲ್ಲ.

ಈಗ ರಿಪೋರ್ಟ್. ಐಎಲ್-6 ಲಿವರ್‌ಗೆ ಹೇಳಿ ಮಾಡಿಸೋದೇ ಸಿಆರ್‌ಪಿ ಅನ್ನೋ ಪ್ರೋಟೀನು, ಅಂದ್ರೆ ಕೂಗು ಎಷ್ಟು ಜೋರಿದೆ ಅಂತ ಹೊರಗಿಂದ ಕೇಳಿಸ್ಕೊಳ್ಳೋ ದಾರಿ. ಇದರಲ್ಲಿ ನಾನು ಬಿದ್ದ ಹಳ್ಳ ಹೇಳ್ತೀನಿ. ಹೋದ ಸಲ ಒಂದು ಲ್ಯಾಬಲ್ಲಿ 3.1 ಇತ್ತು, ಈ ಸಲ ಇನ್ನೊಂದು ಕಡೆ 24 ಬಂತು, ಎದೆ ಝಲ್ ಅಂತು. ಮೈಸೂರಿಗೆ ಬಸ್ಸಲ್ಲಿ ಹೋಗ್ತಾ ಪಾಂಡವಪುರ ಬರೋ ಮುಂಚೆ ಇನ್ನೊಂದ್ಸಲ ನೋಡಿದ್ರೆ, ಮೊದಲನೇದು ಡೆಸಿಲೀಟರ್ (ಲೀಟರಿನ ಹತ್ತನೇ ಒಂದು ಪಾಲು) ಲೆಕ್ಕ, ಎರಡನೇದು ಲೀಟರ್ ಲೆಕ್ಕ. ಹತ್ತರಿಂದ ಗುಣಿಸಿದ್ರೆ ಹಳೇದು 31, ಅಂದ್ರೆ ಇಳಿದಿದೆ! ಅದಕ್ಕೇ ಯೂನಿಟ್ ನೋಡಿ, ಆದಷ್ಟು ಒಂದೇ ಲ್ಯಾಬಲ್ಲಿ ಮಾಡಿಸಿ, ಜ್ವರ ಕೆಮ್ಮು ಇದ್ದಾಗ ಮಾಡಿಸಿದ್ರೆ ಅದನ್ನ ಪಕ್ಕದಲ್ಲಿ ಬರ್ದಿಡಿ. ಇಎಸ್‌ಆರ್ ಅಂತ ಊತ ಅಳೆಯೋ ಇನ್ನೊಂದು ರಕ್ತ ಟೆಸ್ಟ್ ಇದೆ, ಅದು ವಯಸ್ಸಿಗೆ, ರಕ್ತಹೀನತೆಗೆ ಎಲ್ಲಕ್ಕೂ ಏರುತ್ತೆ, ಇಳಿಯೋದೂ ನಿಧಾನ, ಅದೊಂದನ್ನೇ ನಂಬ್ಕೊಂಡು ಕೂರಬೇಡಿ. ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್, ರಕ್ತದಲ್ಲಿ ಹುಡುಕೋ ಒಂದು ಪ್ರತಿಕಾಯ) ಪಾಸಿಟಿವ್ ಅಂದ ಮಾತ್ರಕ್ಕೆ ಆರ್‌ಎ ಅಲ್ಲ, ನೆಗೆಟಿವ್ ಅಂದ್ರೆ ಇಲ್ಲ ಅಂತಲೂ ಅಲ್ಲ. ಆಂಟಿ ಸಿಸಿಪಿ ಅನ್ನೋ ಇನ್ನೊಂದು ಪ್ರತಿಕಾಯದ ಟೆಸ್ಟ್ ಅದಕ್ಕಿಂತ ಖಚಿತ.

ಮಾತ್ರೆ ವಿಷ್ಯ. ನೋವಿನ ಗುಳಿಗೆ ನೋವು ತಗ್ಗಿಸುತ್ತೆ, ಆದ್ರೆ ಮೂಳೆ ತಿನ್ನೋ ಕೆಲಸ ಒಳಗೆ ನಡೀತಾನೇ ಇರುತ್ತೆ, ಹಂಗೆ ಹೋದ ಮೂಳೆ ವಾಪಸ್ ಬರೋದು ಕಷ್ಟ. ನಮ್ಮ ಆ ಆರು ತಿಂಗಳು ಈಗಲೂ ಹೊಟ್ಟೆ ಉರಿಸುತ್ತೆ. ರೋಗ ಹಿಡಿತಕ್ಕೆ ತರೋದ್ರಲ್ಲಿ ಮೊದ್ಲು ಕೊಡೋದು ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ! ದಿನಾ ನುಂಗಿದ್ರೆ ಜೀವಕ್ಕೇ ಬರುತ್ತೆ. ನಮ್ಮನೆ ಕ್ಯಾಲೆಂಡರಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೀನಿ, ನುಂಗಿದ ಮೇಲೆ ಅವ್ವನೇ ಅದಕ್ಕೆ ಅಡ್ಡಗೆರೆ ಹೊಡೀತದೆ. ಜೊತೆಗೆ ಫೋಲಿಕ್ ಆಸಿಡ್ ಕೊಡ್ತಾರೆ, ಯಾವ ದಿನ ಅಂತ ಚೀಟಿ ಮೇಲೆ ಬರೆಸ್ಕೊಳ್ಳಿ. ಪೂರ್ತಿ ಗುಣ ಗೊತ್ತಾಗಕ್ಕೆ ಆರರಿಂದ ಹನ್ನೆರಡು ವಾರ ಬೇಕು, ಹದಿನೈದು ದಿನಕ್ಕೇ ಕೆಲಸ ಮಾಡ್ತಿಲ್ಲ ಅಂತ ಬಿಡಬೇಡಿ. ರಕ್ತ, ಲಿವರ್ ಟೆಸ್ಟ್ ತಪ್ಪಿಸಬಾರದು, ಎಣ್ಣೆ ಹೊಡೆಯೋರು ಡಾಕ್ಟರ್ ಹತ್ರ ಮುಚ್ಚಿಡಬಾರದು, ಮಗು ಆಗೋ ಪ್ಲಾನ್ ಇರೋರು, ಗರ್ಭಿಣಿಯರು ಇದನ್ನ ತಗೊಳ್ಳೋ ಹಂಗೇ ಇಲ್ಲ. ಸ್ಟೀರಾಯ್ಡ್ ಕೊಟ್ಟಿದ್ರೆ ನೋವು ಹೋಯ್ತು ಅಂತ ಥಟ್ಟನೆ ನಿಲ್ಲಿಸಬೇಡಿ.

ಮೆಥೋಟ್ರೆಕ್ಸೇಟ್‌ಗೂ ರೋಗ ಬಗ್ಗದಿದ್ರೆ ಟಿಎನ್‌ಎಫ್ ತಡೆಯೋ ಇಂಜೆಕ್ಷನ್, ಉದಾಹರಣೆಗೆ ಅಡಲಿಮುಮಾಬ್. ಶುರು ಮಾಡೋ ಮುಂಚೆ ಟಿಬಿ ಟೆಸ್ಟ್ ಆಗಲೇಬೇಕು, ಯಾಕಂದ್ರೆ ಮಲಗಿರೋ ಟಿಬಿಯನ್ನ ಕಟ್ಟಿಹಾಕಿರೋದೂ ಇದೇ ಟಿಎನ್‌ಎಫ್. ಐಎಲ್-6 ತಡೆಯೋ ಟೋಸಿಲಿಜುಮಾಬ್ ಹಾಕಿಸ್ಕೊಂಡೋರಿಗೆ ಇನ್ನೊಂದು ಗೊತ್ತಿರಬೇಕು, ಇನ್ಫೆಕ್ಷನ್ ಇದ್ರೂ ಸಿಆರ್‌ಪಿ ಏರದೇ ಇರಬಹುದು, ಹಾಗಾಗಿ ಚಳಿ ಜ್ವರ ಬಂದ್ರೆ ರಿಪೋರ್ಟ್ ನಾರ್ಮಲ್ ಇದೆ ಅಂತ ಸುಮ್ನಿರದೆ, ಮುಂದಿನ ಡೋಸ್ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ.