ಬ್ರೌನಿಂಗ್ ಒಳ್ಳೆಯದೋ, ವಾಲ್ಥರ್ ಒಳ್ಳೆಯದೋ? .32 ಪಿಸ್ತೂಲು ಆರಿಸುವ ಮುನ್ನ

ಕರಾವಳಿಯಲ್ಲಿ ಕೋವಿ ಎಂದ ಕೂಡಲೇ ನೆನಪಾಗುವುದು ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಓಡಿಸುವ ಉದ್ದ ನಳಿಗೆಯ ಬೆಡಿ. ಪಿಸ್ತೂಲಿನ ಲೈಸೆನ್ಸು ಇರುವವರು ಕಡಿಮೆ. ಇರುವವರಲ್ಲಿ ಹಲವರಿಗೆ ಅದು ಅಜ್ಜನಿಂದಲೋ ಸೋದರಮಾವನಿಂದಲೋ ಬಂದದ್ದು, ಇಲ್ಲವೇ ಡೀಲರ್ ಬಳಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಹೀಗೆ ಕೈಗೆ ಬರುವ ಹಳೆಯ ವಿದೇಶಿ ಪಿಸ್ತೂಲುಗಳಲ್ಲಿ ಎರಡು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ: ಬೆಲ್ಜಿಯಂನ ಎಫ್‌ಎನ್ ಬ್ರೌನಿಂಗ್ 1910 ಮತ್ತು ಜರ್ಮನಿಯ ವಾಲ್ಥರ್ ಪಿಪಿ.

ಈ ಎರಡೇ ಯಾಕೆ ಎಂಬುದಕ್ಕೆ ಕಾರಣವಿದೆ. ನಮ್ಮಲ್ಲಿ 9 ಎಂಎಂ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. .32 ಬೋರ್‌ಗೆ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಆ ನಿಷೇಧ ಇಲ್ಲ. ಖಾಸಗಿಯವರು ಹೊರದೇಶದಿಂದ ಕೋವಿ ತರಿಸಿಕೊಳ್ಳುವುದು 1980ರ ದಶಕದ ಮಧ್ಯದಿಂದ ಹೆಚ್ಚುಕಡಿಮೆ ನಿಂತೇ ಹೋಯಿತು. ಹಾಗಾಗಿ ಅದಕ್ಕೂ ಮೊದಲು ಬಂದವುಗಳೇ ಈಗಲೂ ಕೈಯಿಂದ ಕೈಗೆ ಹೋಗುತ್ತಿವೆ, ಬೆಲೆಯೂ ಏರುತ್ತಲೇ ಇದೆ. ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಹೊಸ .32 ಪಿಸ್ತೂಲು ಸಿಗುತ್ತದೆ ನಿಜ. ಆದರೂ ಹಳೆಯ ಮಾದರಿಯೇ ಬೇಕು ಎನ್ನುವವರಿಗೆ, ಅಥವಾ ಕುಟುಂಬದಲ್ಲಿ ಎರಡೂ ಇದ್ದು ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾದವರಿಗೆ ಈ ಲೇಖನ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಮನೆಯಲ್ಲಿಡುವ ಪಿಸ್ತೂಲು ತನ್ನ ಸ್ಥಿತಿಯನ್ನು ನೋಡುವವರ ಕಣ್ಣಿಗೆ ತೋರಿಸಬೇಕು. ತುಂಬಿದೆಯೇ ಖಾಲಿಯೇ, ಹ್ಯಾಮರ್ (ಗುಂಡು ಹಾರಿಸಲು ಹೊಡೆಯುವ ಸುತ್ತಿಗೆಯಂಥ ಭಾಗ) ಎಳೆದಿದೆಯೇ ಇಳಿದಿದೆಯೇ ಎಂಬುದು ಹೊರಗಿನಿಂದಲೇ ಗೊತ್ತಾಗಬೇಕು. ಈ ಲೆಕ್ಕದಲ್ಲಿ ವಾಲ್ಥರ್ ಮುಂದಿದೆ. ಹಾಗೆಂದು ಸವೆದುಹೋದ ವಾಲ್ಥರ್‌ಗಿಂತ ಗಟ್ಟಿಮುಟ್ಟಾದ ಬ್ರೌನಿಂಗೇ ಮೇಲು. ಈ ಎರಡು ಮಾತನ್ನೂ ಒಟ್ಟಿಗೆ ತೂಗಿ ನೋಡಬೇಕು.

ಮೊದಲು ಲೈಸೆನ್ಸಿನಲ್ಲಿ ಏನಿದೆ ಓದಿ

ಬೆಳೆ ರಕ್ಷಣೆಯ ಲೈಸೆನ್ಸು ಇದೆ, ಅದರಲ್ಲೇ ಪಿಸ್ತೂಲು ಕೊಳ್ಳಬಹುದು ಎಂದು ನಂಬಿರುವವರು ಹಳ್ಳಿ ಕಡೆ ಇದ್ದಾರೆ. ಅದು ಸಾಧ್ಯವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವ ಕೋವಿಯನ್ನೂ ಪಿಸ್ತೂಲನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಪಿಸ್ತೂಲು ಬೇಕಿದ್ದರೆ ಜೀವಭಯದಂಥ ಕಾರಣವನ್ನು ತೋರಿಸಿ ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು, ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಇರಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ತೋಟದ ಕೋವಿ ಒಂದು ಆಗಲೇ ಇದ್ದರೆ ಉಳಿದಿರುವುದು ಒಂದೇ ಜಾಗ. ಅದಕ್ಕೇ ಈ ಆಯ್ಕೆ ಈಗ ಮೊದಲಿಗಿಂತ ಹೆಚ್ಚು ಎಚ್ಚರ ಕೇಳುತ್ತದೆ.

ಪಿತ್ರಾರ್ಜಿತವಾಗಿ ಬರುವುದಾದರೆ ದಾರಿ ಬೇರೆ. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದಾಗ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ಬದುಕಿರುವಾಗಲೇ ಅದನ್ನು ವಾರಸುದಾರರೊಬ್ಬರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಇದನ್ನು ಮುಂದೂಡಬೇಡಿ. ಹಿರಿಯರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸು ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕಾಗುತ್ತದೆ. ಆಮೇಲೆ ಮುಂಬೈಯಲ್ಲಿ ಒಬ್ಬರು, ದುಬೈಯಲ್ಲಿ ಒಬ್ಬರು ಇರುವ ವಾರಸುದಾರರೆಲ್ಲರಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಿಸುವಷ್ಟರಲ್ಲಿ ಒಂದೆರಡು ಮಳೆಗಾಲ ಕಳೆದಿರುತ್ತದೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಲೈಸೆನ್ಸು ಮಂಗಳೂರಿನಲ್ಲಿ ಕೊಟ್ಟದ್ದಾಗಿರುತ್ತದೆ. ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ, ಹೋಗುವಾಗ ಹಳೆಯ ಲೈಸೆನ್ಸು ಪುಸ್ತಕವನ್ನು ಮರೆಯದೆ ಜೊತೆಗೆ ಒಯ್ಯಿರಿ.

ಇನ್ನೊಂದು ವಿಷಯ. ಲೈಸೆನ್ಸಿನಲ್ಲಿ ‘.32’ ಎಂದಷ್ಟೇ ಇದ್ದರೆ ಸಾಲದು, ‘ಪಿಸ್ತೂಲು’ ಎಂದು ಸ್ಪಷ್ಟವಾಗಿ ಇರಬೇಕು. .32 ರಿವಾಲ್ವರಿನ ತೋಟೆಯೇ ಬೇರೆ, .32 ಪಿಸ್ತೂಲಿನ ತೋಟೆಯೇ ಬೇರೆ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಒಂದರ ತೋಟೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಎರಡರ ಗುಣವನ್ನೂ ತಿಳಿಯಿರಿ

ಬ್ರೌನಿಂಗ್ 1910 ಅನ್ನು ರೂಪಿಸಿದವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. .32 ಪಿಸ್ತೂಲಿನ ತೋಟೆಯೂ ಅವರದೇ, 1899ರ ಸುಮಾರಿಗೆ ಬಂದದ್ದು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಹತ್ಯೆಗೆ ಬಳಕೆಯಾದದ್ದು ಇದೇ ಮಾದರಿಯ, ಆದರೆ .380 ಬೋರಿನ ಪಿಸ್ತೂಲು. ನಳಿಗೆಯ ಸುತ್ತ ಸುತ್ತಿಕೊಂಡ ಸ್ಪ್ರಿಂಗು, ತೆಳ್ಳಗಿನ ಮೈ, ಎಲ್ಲೂ ಮೂಲೆ ಮೊನೆ ಇಲ್ಲದ ನುಣುಪು. ತೂಕ 600 ಗ್ರಾಂ ಆಸುಪಾಸು, ಮ್ಯಾಗಜೀನ್‌ನಲ್ಲಿ (ಹಿಡಿಯೊಳಗೆ ಕೂರುವ ತೋಟೆಯ ಡಬ್ಬಿ) 7 ತೋಟೆ. ಸುರಕ್ಷತೆ ಮೂರು ಬಗೆಯದು: ಹೆಬ್ಬೆರಳಿನ ಲಿವರ್, ಹಿಡಿಯ ಹಿಂದಿನ ಪಟ್ಟಿ, ಮತ್ತು ಮ್ಯಾಗಜೀನ್ ತೆಗೆದರೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ.

ಮೂರು ಸುರಕ್ಷತೆ ಎಂದು ಕೇಳಿದಾಗ ಧೈರ್ಯ ಬರುತ್ತದೆ. ಆದರೆ ಇದಕ್ಕೆ ಹ್ಯಾಮರೇ ಇಲ್ಲ, ಒಳಗಿರುವುದು ಸ್ಪ್ರಿಂಗಿನ ಬಲದಿಂದ ಮುಂದೆ ನುಗ್ಗುವ ಒಂದು ಕಡ್ಡಿ. ಅದು ಎಳೆದು ನಿಂತಿದೆಯೋ ಇಲ್ಲವೋ ಹೊರಗಿನಿಂದ ಹೇಳಲಾಗದು. ಚೇಂಬರಿನಲ್ಲಿ (ಹಾರಲು ಸಿದ್ಧವಾದ ತೋಟೆ ಕೂರುವ ನಳಿಗೆಯ ಬುಡ) ತೋಟೆ ಇದೆಯೆಂದು ತೋರಿಸುವ ಗುರುತು ಯಾವುದೂ ಇಲ್ಲ. ಖಾಲಿ ಮಾಡಲು ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಎಳೆಯಬೇಕೆಂದರೆ ಮೊದಲು ಹೆಬ್ಬೆರಳಿನ ಸೇಫ್ಟಿಯನ್ನು ತೆಗೆಯಲೇಬೇಕು. ಅಂದರೆ ಅತಿ ಹೆಚ್ಚು ಎಚ್ಚರ ಬೇಕಾದ ಗಳಿಗೆಯಲ್ಲೇ ಅದರ ಒಂದು ರಕ್ಷಣೆ ಕಳಚಿಹೋಗಿರುತ್ತದೆ.

ವಾಲ್ಥರ್ ಪಿಪಿ ಬಂದದ್ದು 1929ರಲ್ಲಿ, ಅದರ ಗಿಡ್ಡ ತಮ್ಮ ಪಿಪಿಕೆ 1931ರಲ್ಲಿ. ಪಿಪಿ ಸ್ವಲ್ಪ ಹೆಚ್ಚು ಭಾರ, ಮ್ಯಾಗಜೀನ್‌ನಲ್ಲಿ 8 ತೋಟೆ. ಹ್ಯಾಮರ್ ಹೊರಗೆ ಕಾಣುತ್ತದೆ. ಚೇಂಬರಿನಲ್ಲಿ ತೋಟೆ ಇದ್ದರೆ ಹ್ಯಾಮರಿನ ಮೇಲ್ಗಡೆ ಒಂದು ಚಿಕ್ಕ ಕಡ್ಡಿ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಕತ್ತಲಲ್ಲಿ ಬೆರಳಿಗೂ ತಾಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಕೆಲವು ಪಿಸ್ತೂಲುಗಳಲ್ಲಿ ಈ ಕಡ್ಡಿ ಇಲ್ಲ, ಕೊಳ್ಳುವಾಗ ಗಮನಿಸಿ. ಸ್ಲೈಡ್ ಮೇಲಿನ ಲಿವರನ್ನು ಕೆಳಗೆ ಒತ್ತಿದರೆ ಎಳೆದ ಹ್ಯಾಮರ್ ಗುಂಡು ಹಾರಿಸದೆ ಇಳಿಯುತ್ತದೆ. ಲಿವರ್ ಕೆಳಗಿರುವಾಗಲೇ ಸ್ಲೈಡ್ ಎಳೆದು ಖಾಲಿ ಮಾಡಬಹುದು. ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ತೆರೆದೇ ನಿಲ್ಲುತ್ತದೆ. ನಾನು ವಾಲ್ಥರ್ ಕಡೆಗೆ ವಾಲುವುದು ಇವುಗಳಿಂದಾಗಿಯೇ.

ಅದರಲ್ಲೂ ಒಂದು ಕೊರತೆ ಇದೆ. ಮ್ಯಾಗಜೀನ್ ತೆಗೆದರೂ ಚೇಂಬರಿನಲ್ಲಿ ಉಳಿದ ತೋಟೆ ಹಾರುತ್ತದೆ. ಬ್ರೌನಿಂಗ್‌ನಲ್ಲಿ ಅದು ಹಾರಬಾರದು, ಆದರೆ ಹಳೆಯ ಪಿಸ್ತೂಲಿನಲ್ಲಿ ಆ ತಡೆ ಸವೆದಿರಬಹುದು. ಎರಡನ್ನೂ ಖಾಲಿ ಮಾಡುವ ಕ್ರಮ ಒಂದೇ: ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ, ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಎಳೆದು ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ. ಸ್ಲೈಡ್ ಮೊದಲು ಎಳೆದು ಮ್ಯಾಗಜೀನ್ ಆಮೇಲೆ ತೆಗೆದರೆ ಹೊಸ ತೋಟೆ ಒಳಗೇ ಕೂತಿರುತ್ತದೆ.

ಕೈಗೆ ಕೂರುತ್ತದೆಯೇ ನೋಡಿ

ಡೀಲರ್ ಖಾಲಿ ಮಾಡಿ, ನಿಮಗೂ ತೋರಿಸಿ ಕೈಗೆ ಕೊಟ್ಟ ಮೇಲೆ ಹಿಡಿದು ನೋಡಿ. ಬ್ರೌನಿಂಗ್ ಸಣ್ಣ ಕೈಗೂ ಚೆನ್ನಾಗಿ ಒಗ್ಗುತ್ತದೆ, ಟ್ರಿಗರ್ ಪ್ರತಿ ಸಲವೂ ಒಂದೇ ತರಹ. ಆದರೆ ಗುರಿ ಹಿಡಿಯುವ ಗುರುತು ಸ್ಲೈಡ್ ಮೇಲಿನ ಗೀರಿನೊಳಗೆ ಅಡಗಿದೆ. ನಲವತ್ತೈದು ದಾಟಿ ಕನ್ನಡಕ ಹಾಕಿದವರು ಅದನ್ನು ಹುಡುಕಬೇಕಾಗುತ್ತದೆ. ವಾಲ್ಥರ್‌ನಲ್ಲಿ ಮೊದಲ ಗುಂಡಿಗೆ ಟ್ರಿಗರ್ ಉದ್ದ, ಬಿಗಿ. ಎರಡನೆಯದರಿಂದ ಹಗುರ. ಈ ವ್ಯತ್ಯಾಸ ರೂಢಿಯಾಗುವವರೆಗೆ ಮೊದಲ ಗುಂಡು ಗುರಿ ತಪ್ಪುವುದೇ ಹೆಚ್ಚು. ಅಂಗೈ ದಪ್ಪ ಇರುವವರಿಗೆ ಸ್ಲೈಡ್ ಹಿಂದೆ ಬರುವಾಗ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮಕ್ಕೆ ಕಚ್ಚುವುದೂ ಉಂಟು.

ವಯಸ್ಸಾದ ಲೋಹವನ್ನು ಪರೀಕ್ಷಿಸಿ

ಹೆಸರು ನೋಡಿ ಮರುಳಾಗದೆ ನಿಜವಾಗಿ ಹೊತ್ತು ಕೊಡಬೇಕಾದದ್ದು ಇಲ್ಲಿ. ಪಿಸ್ತೂಲು ಬಿಚ್ಚಿಸಿ, ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೀರುಗಳು ಅಂಚು ಚೂಪಾಗಿ ಹೊಳೆಯಬೇಕು. ಹಳೆಯ ಕಾಲದ ತೋಟೆಗಳ ಮದ್ದು ನಳಿಗೆಯನ್ನು ತಿನ್ನುತ್ತಿತ್ತು, ಹಾರಿಸಿ ತೊಳೆಯದೆ ಇಟ್ಟಿದ್ದರೆ ಒಳಗೆ ಕಪ್ಪು ಕುಳಿಗಳು ಕಾಣುತ್ತವೆ. ಹೊರಗೆ ಕನ್ನಡಿಯಂತೆ ನಿಕ್ಕಲ್ ಲೇಪ ಹೊಳೆಯುತ್ತಿದ್ದರೆ ಸಂತೋಷಪಡುವ ಬದಲು ಸಂಶಯಪಡಿ. ತುಕ್ಕು ತಿಂದ ಗುಳಿಗಳನ್ನು ಉಜ್ಜಿ ಮುಚ್ಚಲು ಈ ಲೇಪ ಹಾಕಿಸುವುದು ಮೊದಲಿನಿಂದ ಇದೆ. ಮಾಸಿದರೂ ಮೂಲದ ನೀಲಿ ಬಣ್ಣವೇ ಇರುವ ಪಿಸ್ತೂಲು ಅದಕ್ಕಿಂತ ಒಳ್ಳೆಯದು.

ವಾಲ್ಥರ್‌ಗೆ ಒಂದು ಪರೀಕ್ಷೆ ತಪ್ಪದೆ ಮಾಡಿಸಿ. ಪಿಸ್ತೂಲು ಖಾಲಿ ಎಂದು ಇಬ್ಬರೂ ಖಚಿತಪಡಿಸಿಕೊಂಡ ಮೇಲೆ, ಹ್ಯಾಮರ್ ಎಳೆದು ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ತೆಳ್ಳಗಿನ ಪೆನ್ಸಿಲನ್ನು ರಬ್ಬರ್ ತುದಿ ಕೆಳಗಾಗುವಂತೆ ನಳಿಗೆಯೊಳಗೆ ಇಳಿಬಿಡಿ. ನಳಿಗೆಯ ಬಾಯಿಯ ಮೇಲೆ ಕೈಯಾಗಲಿ ಮುಖವಾಗಲಿ ತರಬೇಡಿ. ಈಗ ಸೇಫ್ಟಿ ಲಿವರನ್ನು ಒತ್ತಿ ಹ್ಯಾಮರ್ ಇಳಿಸಿ. ಪೆನ್ಸಿಲ್ ಕದಲಬಾರದು. ಅದು ಮೇಲಕ್ಕೆ ಹಾರಿತೆಂದರೆ ಒಳಗಿನ ಪಿನ್ನನ್ನು ತಡೆಯುವ ಭಾಗ ಸವೆದಿದೆ, ತೋಟೆ ಇದ್ದಿದ್ದರೆ ಸಿಡಿಯುತ್ತಿತ್ತು ಎಂದರ್ಥ. ಅಂಥ ಪಿಸ್ತೂಲನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಬ್ರೌನಿಂಗ್‌ನಲ್ಲಿ ಹಿಡಿಯ ಹಿಂದಿನ ಪಟ್ಟಿಯನ್ನು ಒತ್ತದೆ ಟ್ರಿಗರ್ ಎಳೆದು ನೋಡಿ, ಕಡ್ಡಿ ಬಿಡುಗಡೆಯಾಗಬಾರದು. ಮ್ಯಾಗಜೀನ್ ಇಲ್ಲದೆ ಎಳೆದರೂ ಅಷ್ಟೆ. ಬಿಚ್ಚುವಾಗ ನಳಿಗೆಯ ತುದಿಯ ಉಂಗುರದ ಹಿಂದೆ ಸ್ಪ್ರಿಂಗು ಬಿಗಿದು ಕೂತಿರುತ್ತದೆ. ಗೊತ್ತಿಲ್ಲದವರು ತಿರುಗಿಸಿದರೆ ಉಂಗುರ ಚಿಮ್ಮಿ ಕಣ್ಣಿಗೆ ಬಡಿಯಬಹುದು. ಈ ಕೆಲಸ ಗೊತ್ತಿರುವವರಿಂದಲೇ ಆಗಲಿ.

ಎರಡಕ್ಕೂ ಅನ್ವಯಿಸುವ ಇನ್ನೊಂದು ಮಾತು: ಮೂಲದ ಮ್ಯಾಗಜೀನ್ ಇದೆಯೇ ಕೇಳಿ. ಈ ತೋಟೆಗೆ ಬುಡದಲ್ಲಿ ಚೂರೇ ಚೂರು ಅಂಚು ಇದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಎರಡೂ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತವೆ. ಸಡಿಲ ಸ್ಪ್ರಿಂಗಿನ ಅಥವಾ ಬೇರೆ ಕಡೆ ಮಾಡಿಸಿದ ಮ್ಯಾಗಜೀನ್‌ಗಳಲ್ಲಿ ಇಂಥ ತೊಂದರೆ ಹೆಚ್ಚು. ತೋಟೆ ತುಂಬುವಾಗ ಪ್ರತಿಯೊಂದರ ಅಂಚೂ ಕೆಳಗಿನದರ ಮುಂದೆ ಕೂರುವಂತೆ ನೋಡಿಕೊಳ್ಳಬೇಕು.

ನಂಬರು ತಾಳೆ ನೋಡಿ, ಆಮೇಲೆ ದುಡ್ಡು

ಫ್ರೇಮಿನ ಮೇಲಿನ ನಂಬರು ಮಾರುವವರ ಲೈಸೆನ್ಸಿನಲ್ಲಿ ಬರೆದ ನಂಬರಿಗೆ ಅಕ್ಷರಶಃ ಹೊಂದಬೇಕು. ಹಳೆಯ ಪುಸ್ತಕಗಳಲ್ಲಿ ಕೈಬರಹದ 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದುಂಟು. ಅದನ್ನು ಕೊಳ್ಳುವ ಮೊದಲೇ ಕಚೇರಿಯಲ್ಲಿ ತಿದ್ದಿಸಬೇಕು, ಕೊಂಡ ಮೇಲೆ ತಿದ್ದಿಸುವುದು ತಲೆನೋವು. ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ಮಾರುವವರು ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಡೀಲರ್ ಮೂಲಕ ಹೋದರೆ ಗೊಂದಲ ಕಡಿಮೆ.

ನಮ್ಮ ಮಳೆಗಾಲಕ್ಕೆ ತಯಾರಿ

ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒದ್ದೆ ಸೇರಿದರೆ ಕಬ್ಬಿಣಕ್ಕೆ ಉಳಿಗಾಲವಿಲ್ಲ. ಚರ್ಮದ ಚೀಲದಲ್ಲಿ ಪಿಸ್ತೂಲು ಇಟ್ಟು ಮರೆತುಬಿಡುವುದು ಇಲ್ಲಿನ ಮನೆಗಳ ದೊಡ್ಡ ತಪ್ಪು. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಸೇರಿ ಲೋಹ ತಿನ್ನುತ್ತದೆ. ತೆಳುವಾಗಿ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದ ಉಕ್ಕಿನ ಪೆಟ್ಟಿಗೆಯಲ್ಲಿಡಿ. ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿ. ಬೀಗದ ಕೈ ಮಕ್ಕಳಿಗೆ ಸಿಗಬಾರದು. ಆಯುಧ ಪೂಜೆಗೆ ಹೊರಗೆ ತೆಗೆದರೆ ಗಂಧ, ಕುಂಕುಮ, ಹೂವಿನ ನೀರು ಸಂಜೆಯೊಳಗೆ ಒರೆಸಿ ಮತ್ತೆ ಎಣ್ಣೆ ಹಚ್ಚಿ. ಮರುದಿನಕ್ಕೆ ಬಿಟ್ಟರೆ ಬೊಟ್ಟಿಟ್ಟ ಜಾಗದಲ್ಲಿ ಕೆಂಪು ಚುಕ್ಕೆ ಏಳುತ್ತದೆ, ಅದು ತುಕ್ಕಿನದು.

ಚುನಾವಣೆ ಬಂದಾಗ ಠಾಣೆಯಲ್ಲಿ ಇಡಲು ಆದೇಶವಾದರೆ ಎಣ್ಣೆ ಹಚ್ಚಿ, ನಂಬರು ಕಾಣುವಂತೆ ಕಟ್ಟಿ ಕೊಡಿ. ಮ್ಯಾಗಜೀನ್ ಎಷ್ಟು, ತೋಟೆ ಎಷ್ಟು ಎಂಬುದೂ ರಸೀದಿಯಲ್ಲಿ ಬರಲಿ. ವಾಪಸು ತರುವಾಗ ಸಹಿ ಹಾಕುವ ಮುನ್ನ ಕಟ್ಟು ಬಿಚ್ಚಿ ನಂಬರು, ನಳಿಗೆ ಎರಡನ್ನೂ ನೋಡಿಕೊಳ್ಳಿ.