ಅಮೆರಿಕದ ಬೇಸಿಗೆ ಕ್ಯಾಂಪಿಗೆ ಹೊರಟ ಕಾಸರಗೋಡಿನವರಿಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಮಕ್ಕಳ ಬೇಸಿಗೆ ಕ್ಯಾಂಪಿನ ಕೆಲಸಕ್ಕೆ ಇಲ್ಲಿಗೆ ಬರುವವರಿಗೆ ಭಾಷೆಯ ಹೆದರಿಕೆ ಅಷ್ಟಾಗಿ ಬೇಡ. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದವರಿಗೆ ನಾಲಗೆ ಹೊರಳಿಸುವುದು ಹೊಸತಲ್ಲ. ತೊಂದರೆ ಕೊಡುವುದು ನಮ್ಮ ಮೌನ. ಹಿರಿಯರೆದುರು ಕಡಿಮೆ ಮಾತು, ಕೇಳಿದರೆ ಮಾತ್ರ ಉತ್ತರ, ಮೊದಲ ಸಲಕ್ಕೆ 'ಬೇಡ' ಅನ್ನುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿನವರು ಅದನ್ನೇ ಆಸಕ್ತಿ ಇಲ್ಲ, ಅಥವಾ ಏನೋ ಅಸಮಾಧಾನ ಇದೆ ಎಂದು ತಿಳಿಯುತ್ತಾರೆ.

ಹೊರಡುವ ಮೊದಲು ಪಾಸ್‌ಪೋರ್ಟಿನಲ್ಲಿ ಹೆಸರು ನೋಡಿಕೊಳ್ಳಿ. ನಮ್ಮೂರಿನ ಬಹಳ ಮಂದಿಗೆ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಹಾಗಿದ್ದರೆ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಕ್ಯಾಂಪಿನ ಪಟ್ಟಿಯಲ್ಲೂ ಅದೇ ಮುಂದುವರಿದು ಎಲ್ಲರೂ 'ಫ್ನೂ' ಎಂದು ಕರೆಯತೊಡಗುವ ಮೊದಲೇ ನಿಮ್ಮನ್ನು ಏನೆಂದು ಕರೆಯಬೇಕು ಎಂದು ಇಮೇಲ್‌ನಲ್ಲಿ ತಿಳಿಸಿ. ಜೆ-1 ಎಂಬ ವಿನಿಮಯ ವೀಸಾದ ಕ್ಯಾಂಪ್ ಕೌನ್ಸೆಲರ್ (ಮಕ್ಕಳನ್ನು ನೋಡಿಕೊಳ್ಳುವವರ) ವಿಭಾಗಕ್ಕೆ 18 ತುಂಬಿರಬೇಕು, ಗರಿಷ್ಠ ಅವಧಿ 4 ತಿಂಗಳು. ನಿಮ್ಮನ್ನು ಕಳಿಸುವ ಸ್ಪಾನ್ಸರ್ ಸಂಸ್ಥೆ ಕೊಡುವ ಡಿಎಸ್-2019 ಕಾಗದವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ, ಇಮಿಗ್ರೇಶನ್‌ನಲ್ಲಿ ಕೇಳುತ್ತಾರೆ. ಸೆಕೆಗೆ ಒಗ್ಗಿದ ನಮ್ಮವರು ಸ್ವೆಟರ್ ಬಿಟ್ಟು ಬರುವುದು ಸಾಮಾನ್ಯ. ಬೆಟ್ಟದ ಕೆರೆಗಳ ಹತ್ತಿರ ಜೂನ್ ರಾತ್ರಿ 10 ಡಿಗ್ರಿಗೆ ಇಳಿಯುವುದುಂಟು.

ಇನ್ನು ಮಾತಿನ ವಿಷಯ. ಕ್ಯಾಂಪಿನ ಡೈರೆಕ್ಟರನ್ನೂ ಹೆಸರು ಹಿಡಿದೇ ಕರೆಯಬೇಕು. 'ಸರ್', 'ಮೇಡಂ' ಎಂದರೆ ನೀವು ದೂರ ನಿಲ್ಲುತ್ತಿದ್ದೀರಿ ಎಂದು ಅವರಿಗೆ ಅನಿಸುತ್ತದೆ. ನಮ್ಮ ಮನೆಗಳಲ್ಲಿ ಆಸರಿಂಗೆ (ಬಾಯಾರಿಕೆಗೆ) ಬೇಡ ಅಂದರೂ ಬೆಲ್ಲ ನೀರು ಬಂದೇ ಬರುತ್ತದೆ. ಇಲ್ಲಿ ಒಮ್ಮೆ ಬೇಡ ಅಂದರೆ ಮುಗಿಯಿತು, ಎರಡನೇ ಸಲ ಕೇಳುವುದಿಲ್ಲ. ಹಸಿವಾಗಿದ್ದರೆ ಮೊದಲ ಸಲವೇ ಹೂಂ ಅನ್ನಿ. ತಲೆ ಆಡಿಸಬೇಡಿ, ಬಾಯಿಬಿಟ್ಟು ಹೇಳಿ, ಏಕೆಂದರೆ ನಮ್ಮ ತಲೆಯಾಟ ಹೌದೋ ಅಲ್ಲವೋ ಅವರಿಗೆ ತಿಳಿಯುವುದಿಲ್ಲ. 'ಹೇಗಿದ್ದೀರಿ' ಎಂದು ಕೇಳಿಕೊಂಡೇ ನಡೆದು ಹೋಗುತ್ತಾರೆ. ಅದು ನಮಸ್ಕಾರ ಅಷ್ಟೆ, ನಿಂತು ಮನೆಯ ಸಮಾಚಾರ ಹೇಳಲು ಹೋಗಬೇಡಿ. ಆದರೆ 'ಮಕ್ಕಳ ಲೈಫ್ ಜಾಕೆಟ್ ಇನ್ನೊಮ್ಮೆ ನೋಡಿದರೆ ಒಳ್ಳೆಯದೇನೋ' ಎಂದು ಮೇಲಿನವರು ನಗುತ್ತಾ ಹೇಳಿದರೆ ಅದು ಸಲಹೆಯಲ್ಲ, ಅಪ್ಪಣೆ. ಆ ಕ್ಷಣವೇ ಮಾಡಿ. ಹೇಳಿದ್ದು ಅರ್ಥವಾಗದಿದ್ದರೆ ಅಲ್ಲಿಯೇ ಕೇಳಿ. ಅರ್ಥವಾದಂತೆ ನಿಂತು ಆಮೇಲೆ ತಪ್ಪಿದರೆ ವಿಶ್ವಾಸ ಹೋಗುತ್ತದೆ, ನೀರಿನ ಬದಿಯಲ್ಲಿ ಅದರಿಂದ ಮಗುವಿನ ಜೀವಕ್ಕೇ ಅಪಾಯ.

ಮಕ್ಕಳ ವಿಷಯದಲ್ಲಿ ಒಂದು ಗೆರೆಯನ್ನು ಎಂದೂ ದಾಟಬಾರದು. ಕಿವಿ ಹಿಂಡುವುದು, ಮೆಲ್ಲಗೆ ತಟ್ಟುವುದು, ಹೊರಗೆ ನಿಲ್ಲಿಸುವುದು ಯಾವುದೂ ಇಲ್ಲ; ಅಷ್ಟಕ್ಕೇ ಮನೆಗೆ ಕಳಿಸಬಹುದು. ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಸನ್‌ಸ್ಕ್ರೀನ್ ಮಕ್ಕಳೇ ಹಚ್ಚಿಕೊಳ್ಳಲಿ, ಬೆನ್ನಿಗೆ ಸಹಾಯ ಬೇಕಾದರೆ ಇನ್ನೊಬ್ಬರ ಕಣ್ಣೆದುರು. ಮನೆ ನೆನೆದು ಅಳುವ ಮಗುವಿಗೆ 'ನಾಳೆ ಅಮ್ಮನನ್ನು ಕರೆಸುತ್ತೇನೆ' ಎಂದು ಮಾತು ಕೊಡಬೇಡಿ. ಆ ಒಂದು ಮಾತು ಹಿಡಿದು ಮಗು ದಿನವಿಡೀ ನಾಳೆಗೇ ಕಾಯುತ್ತದೆ, ಇಲ್ಲಿ ಬೆರೆಯುವುದೇ ಇಲ್ಲ. ಕೈಗೆ ಕೆಲಸ ಕೊಡಿ, ಊಟದ ಮೇಜು ಜೋಡಿಸಲು ಕರೆಯಿರಿ.

ಮೊದಲ ವಾರ ಹಾಡು, ಕುಣಿತ, ಬೆಂಕಿಯ ಸುತ್ತಿನ ಕೂಟ, ಎಲ್ಲವೂ ಚಂದ. ಮೂರನೇ ವಾರದ ಹೊತ್ತಿಗೆ ಹೆಚ್ಚಿನವರಿಗೆ ಅದೇ ಗದ್ದಲ ಬೇಡವಾಗುತ್ತದೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರ ಲೇಖನದಲ್ಲಿ ಇದನ್ನು ಹಂತ ಹಂತವಾಗಿ ಬರೆದಿದ್ದಾರೆ: ಆರಂಭದ ಮೋಹ, ಆಮೇಲೆ ಸಿಟ್ಟು, ಕೊನೆಗೆ ಹೊಂದಿಕೆ. ಸಿಟ್ಟಿನ ಹಂತದಲ್ಲಿ ಪರದೇಶದವರೆಲ್ಲ ಒಟ್ಟು ಸೇರಿ ಆ ನಾಡನ್ನು ದೂರುತ್ತಾರೆ ಎಂಬುದನ್ನೂ ಅವರು ಗುರುತಿಸಿದ್ದಾರೆ. ಸಿಬ್ಬಂದಿಯ ಕೋಣೆಯಲ್ಲಿ ಅಂಥ ಗುಂಪು ಇದ್ದೇ ಇರುತ್ತದೆ. ಹತ್ತು ನಿಮಿಷ ಕೂತು ಎದ್ದು ಬನ್ನಿ. ಬಹುಪಾಲು ಬೇಸರಕ್ಕೆ ನಿದ್ದೆ ಸಾಲದ್ದೇ ಕಾರಣ, ಮತ್ತೆ ಬೆಳಗಿನಿಂದ ರಾತ್ರಿಯವರೆಗೆ ಒಂಟಿಯಾಗಿ ಇರಲು ಸಿಗದ್ದು. ಬಿಡುವಿನ ಗಂಟೆಯಲ್ಲಿ ಮೊಬೈಲ್ ಹಿಡಿಯಬೇಡಿ, ಮಲಗಿ. ವಾರದ ರಜೆಯಲ್ಲಿ ಅರ್ಧ ದಿನವಾದರೂ ಯಾರ ಜೊತೆಗೂ ಹೋಗದೆ ಇರಿ. 'ನನಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು' ಎಂದರೆ ಇಲ್ಲಿ ಯಾರೂ ಬೇಸರಿಸುವುದಿಲ್ಲ.

ಸಸ್ಯಾಹಾರಿಗಳು ಅಡುಗೆಯವರಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು: ಮಾಂಸ, ಮೀನು, ಕೋಳಿ ಬೇಡ, ಮೊಟ್ಟೆ ಆಗುತ್ತದೋ ಇಲ್ಲವೋ. ಸೂಪಿಗೆ ಮಾಂಸದ ಸಾರು ಇರಬಹುದು, ಬೆಂಕಿಯಲ್ಲಿ ಸುಡುವ ಮಾರ್ಶ್‌ಮ್ಯಾಲೋಗೆ ಪ್ರಾಣಿಗಳ ಜೆಲಾಟಿನ್ ಹಾಕಿರುತ್ತಾರೆ. ಚಟ್ನಿಪುಡಿ ತರುವುದಾದರೆ ನೆಲಗಡಲೆ ಇಲ್ಲದ್ದು. ಅನೇಕ ಕ್ಯಾಂಪುಗಳಲ್ಲಿ ಅಲರ್ಜಿಯ ಮಕ್ಕಳಿಗಾಗಿ ಅದಕ್ಕೆ ನಿಷೇಧ. ಡಬ್ಬವನ್ನು ಕ್ಯಾಬಿನ್ನಿನಲ್ಲಿ ಇಟ್ಟರೆ ಇಲಿ, ರಕೂನ್ ಬರುತ್ತವೆ, ಅಡುಗೆಮನೆಯಲ್ಲೇ ಇಡಲು ಕೊಡಿ. ಹಸಿ ಕರಿಬೇವು ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ಶೌಚಕ್ಕೆ ಕಾಗದ ಮಾತ್ರ, ಒಂದು ಸಣ್ಣ ಬಾಟಲಿ ತನ್ನಿ. ಸ್ನಾನದ ಮನೆಯಿಂದ ಬರಿ ಬೈರಾಸು (ಟವೆಲ್) ಉಟ್ಟು ಬರಬೇಡಿ.

ಮನೆಗೆ ಕರೆ ಮಾಡುವ ಹೊತ್ತನ್ನು ಊರಲ್ಲೇ ನಿಗದಿ ಮಾಡಿ. ಪೂರ್ವ ಕರಾವಳಿಯ ರಾಜ್ಯಗಳಲ್ಲಿ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 10 ಅಂದರೆ ಮನೆಯಲ್ಲಿ ಮರುದಿನ ಬೆಳಗ್ಗೆ ಏಳೂವರೆ. ಕ್ಯಾಬಿನ್ನಿನಲ್ಲಿ ನೆಟ್‌ವರ್ಕ್ ಇಲ್ಲದಿರುವುದೇ ಹೆಚ್ಚು. ಅದನ್ನು ಹೇಳದೆ ಬಂದರೆ ಎರಡು ದಿನದಲ್ಲಿ ಅಮ್ಮ ಗಾಬರಿಯಾಗುತ್ತಾರೆ.

ಎಲ್ಲ ಸಂಕಟವೂ ಹೊಂದಿಕೆಯದ್ದಲ್ಲ, ಈ ವ್ಯತ್ಯಾಸ ತಿಳಿದಿರಲಿ. ಕೌನ್ಸೆಲರ್ ವೀಸಾದಲ್ಲಿ ಬಂದವರನ್ನು ಅಡುಗೆಯವರಾಗಿಯೋ ಪಾತ್ರೆ ತೊಳೆಯುವವರಾಗಿಯೋ ಇಡುವಂತಿಲ್ಲ. ಹಾಗೆ ಮಾಡಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಯಾರಾದರೂ ಮೈಮುಟ್ಟಿದರೆ ಸುಮ್ಮನಿರಬೇಡಿ. ಮೊದಲು ನಿಮ್ಮನ್ನು ಕಳಿಸಿದ ಸ್ಪಾನ್ಸರ್ ಸಂಸ್ಥೆಗೆ ಬರೆದು ತಿಳಿಸಿ, ದಿನಾಂಕ ಹಾಕಿ. ಅವರು ಉತ್ತರಿಸದಿದ್ದರೆ ಅಮೆರಿಕದ ವಿದೇಶಾಂಗ ಇಲಾಖೆಯ ಜೆ-1 ಸಹಾಯವಾಣಿ 1-866-283-9090. ಜೀವಕ್ಕೆ ಅಪಾಯ ಇದ್ದರೆ ನೇರ 911.